ಮೂಕ ಮಹಾರಾಜನ ಮೇಕೆ ಸವಾರಿ

ಮಾರ್ಚ್ ೩, ಮಂಗಳವಾರ

ನೆರೆದಂಥ ಮಹಾಜನಗಳೇ! ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ಗಣ್ಯರೇ! ಟಿಕೆಟ್ಟಿಲ್ಲದೆ ಹಿಂದಿನ ಗೋಡೆ ಹತ್ತಿ ಇಣುಕುತ್ತಿರುವ ಧೈರ್ಯಶಾಲಿಗಳೇ! ನಿದ್ದೆ ಹೋದವರನ್ನು ತಿವಿದು ಎಬ್ಬಿಸಿ, ಕಥೆ ಶುರುವಾಗುತ್ತಿದೆ!

ಇಷ್ಟನ್ನೂ ಬಾಯಿಬಿಟ್ಟು ಹೇಳಿದ್ದರೆ ಪಕ್ಕದ ಬೀದಿಯ ಕಿಟಕಿಗಳು ತೆರೆಯುತ್ತಿದ್ದವು. ಹೇಳುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಟಕಗಳಲ್ಲಿ ರಾಜನಾಗಿ, ಮೈಕಿಲ್ಲದೆ ಕೊನೆಯ ಬೆಂಚಿನ ಕಿವುಡನಿಗೂ ಮುಟ್ಟುವಂತೆ ರಾಜಾಜ್ಞೆ ಹೊರಡಿಸಿದ ಗಂಟಲಿದು. ಅದರಲ್ಲಿ ಮೆಣಸಿನಕಾಳಿನಷ್ಟು ಗಂಟು ಎದ್ದಿತ್ತು. ನಿನ್ನೆ ಗಂಟಲ ಡಾಕ್ಟರು ಅದನ್ನು ತೆಗೆದುಹಾಕಿ, ಕೈಗೊಂದು ಸ್ಲೇಟು ಕೊಟ್ಟರು.

"ನಾನು ಹೇಳೋವರೆಗೂ ಒಂದಕ್ಷರ ಆಡಬಾರದು. ಪಿಸುಗುಟ್ಟೋದಂತೂ ಇನ್ನೂ ಕೆಟ್ಟದ್ದು. ಆಡಿದ್ರೋ, ಆಮೇಲೆ ನನ್ನ ಕೇಳಬೇಡಿ."

ಪಕ್ಕದಲ್ಲಿದ್ದ ನನ್ನ ಧರ್ಮಪತ್ನಿ ಬಹಳ ವಿನಯದಿಂದ ಕೇಳಿದಳು: "ಡಾಕ್ಟ್ರೇ, ಇನ್ನೊಂದು ಸ್ವಲ್ಪ ದಿನ ಜಾಸ್ತಿ ಮಾಡೋಕಾಗತ್ತಾ?"

ಮನೆಗೆ ಬಂದರೆ ಇನ್ನೊಬ್ಬ ಗಾಯಾಳು. ನನ್ನ ಮಗಳು. ವೃತ್ತಿಯಲ್ಲಿ ಲಿಫ್ಟ್ ರಿಪೇರಿ ಮಾಡುವವಳು, ರಜೆಯ ದಿನ ಯಮನನ್ನು ಅಣಕಿಸುವವಳು. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು. ಕಾರಣ, ವರಾಂಡದಲ್ಲಿ ನಿಂತಿರುವ ಆ ಪ್ರಾಣಿ. ಸೂಪರ್‌ಮೋಟೊ ಅಂತ ಅದರ ಜಾತಿ. ಮಣ್ಣಿನಲ್ಲಿ ನೆಗೆಯಲು ಹುಟ್ಟಿದ ಬೈಕಿಗೆ ಟಾರು ರಸ್ತೆಯ ಚಿಕ್ಕ ಚಕ್ರ, ನುಣುಪು ಟೈರು ಹಾಕಿ ಮದುವೆ ಮಾಡಿಸಿದ್ದಾರೆ. ಸಂತಾನ ಎತ್ತ ಹೋಗಬೇಕೋ ತಿಳಿಯದೆ ತಿರುವಿನಲ್ಲೆಲ್ಲ ಅಡ್ಡಡ್ಡ ಜಾರುತ್ತದೆ. ಜಾರಿಸುವುದೇ ಆಟವಂತೆ! ಉದ್ದ ಕಾಲು, ಒಣಕಲು ಮೈ, ಮೇಲಕ್ಕೆ ಚಾಚಿದ ಮೂತಿ. ನಾನು ಅದನ್ನು ಕರೆಯುವುದು ಮೇಕೆ ಎಂದೇ.

ಕಳೆದ ತಿಂಗಳು ಮೇಕೆ ಅವಳನ್ನು ಕೆಡವಿತು. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು, "ಮಾರು ಅದನ್ನು!" ಎಂದು ಗುಡುಗಿದಾಗ ಹೆರಿಗೆ ವಾರ್ಡಿನ ಕೂಸುಗಳೂ ಎದ್ದು ಅತ್ತವು. ಇವತ್ತು ತಾನಾಗಿ ಹೇಳಿದಳು: "ಮಾರ್ತೀನಿ ಅಪ್ಪ. ಒಬ್ರು ಹಲ್ಲಿನ ಡಾಕ್ಟ್ರು ಕೇಳ್ತಿದಾರೆ."

ಗೆದ್ದೆ! ಆದರೆ ಗೆದ್ದವನು ಚಪ್ಪಾಳೆಗೆ ಕಾಯುತ್ತಿರುವಾಗಲೇ ಪರದೆ ಬಿದ್ದ ಹಾಗಾಯಿತು.

ಮಾರ್ಚ್ ೫, ಗುರುವಾರ

ಮಹಾಜನಗಳೇ, ವಿಘ್ನ! ಮೇಕೆಯ ಎಂಜಿನ್ನಿಗೆ ಮೆಕ್ಯಾನಿಕ್ಕು ಹೊಸ ಪಿಸ್ಟನ್ ಹಾಕಿ ಹೋಗಿದ್ದಾನೆ. ಹೊಸ ಪಿಸ್ಟನ್ನನ್ನು ಹೊಸ ಸೊಸೆಯಂತೆ ನೋಡಿಕೊಳ್ಳಬೇಕಂತೆ. ಶುರುವಿಗೆ ಗದರಬಾರದು, ಓಡಿಸಬಾರದು, ಮೆಲ್ಲಗೆ ಪಳಗಿಸಬೇಕು. ಪಳಗಿದ ಮೇಲೆ ಬಂದು ಕೊಳ್ಳುತ್ತೇನೆ ಎಂದಿದ್ದಾರೆ ಹಲ್ಲಿನ ಡಾಕ್ಟರು. ಪಳಗಿಸುವವರು ಯಾರು? ಮಗಳಿಗೆ ಕೈಯಿಲ್ಲ. ಹೆಂಡತಿಗೆ ಸ್ಕೂಟರೇ ಸಾಕು. ಎಲ್ಲರೂ ನನ್ನತ್ತ ನೋಡಿದರು.

ನಾನು ಸ್ಲೇಟಿನ ಮೇಲೆ ಬರೆದೆ: "ಹರೆಯದಲ್ಲಿ ಕಂಪನಿಯ ನಾಟಕದ ಪೋಸ್ಟರುಗಳನ್ನು ಬೈಕಿನ ಮೇಲೆ ಊರೂರಿಗೆ ಹೊತ್ತವನು ನಾನು. ಅಂದು ಬಿರುಗಾಳಿಯೂ ನನ್ನನ್ನು..." ಅಷ್ಟರಲ್ಲಿ ಸ್ಲೇಟು ಮುಗಿಯಿತು. ಬಳಪವೂ ಮುಗಿಯಿತು.

"ಇನ್ಮೇಲೆ ದಿನಕ್ಕೆ ಅರ್ಧ ಬಳಪ," ಎಂದಳು ಧರ್ಮಪತ್ನಿ. "ಅದ್ರಲ್ಲಿ ಊಟ ತಿಂಡಿ ಕೇಳೋದೂ ಸೇರಿ."

ಸರಿ, ಮೇಕೆ ಏರಲು ಹೊರಟೆ. ಅಯ್ಯೋ ಎತ್ತರವೇ! ಸೀಟು ನನ್ನ ಎದೆಗೆ ಬರುತ್ತದೆ. ರಂಗದ ಮೇಲೆ ನಾನು ಆಜಾನುಬಾಹು. ರಂಗದ ಕೆಳಗೆ, ನಿಜ ಹೇಳಬೇಕೆಂದರೆ, ಬಾಗಿಲ ಮೇಲಿನ ಚಿಲಕಕ್ಕೆ ಸ್ಟೂಲು ಬೇಕು. ಹತ್ತಿ ಕೂತರೆ ಎರಡು ಕಾಲೂ ಗಾಳಿಯಲ್ಲಿ.

"ಅಪ್ಪ, ಒಂದ್ಕಡೆ ವಾಲಿಸಿ ಒಂದು ಕಾಲು ಊರಿದ್ರೆ ಸಾಕು," ಎಂದಳು ಮಗಳು.

ಒಂದು ಕಾಲಿನ ಮೇಲೆ ನಿಲ್ಲಲು ನಾನೇನು ಕೊಕ್ಕರೆಯೇ? ಥಟ್ಟನೆ ಹೊಳೆಯಿತು. ಅಟ್ಟ ಹತ್ತಿದೆ, ಪೆಟ್ಟಿಗೆ ತೆರೆದೆ, ನನ್ನ ರಾಜಪಾದುಕೆಗಳನ್ನು ತೆಗೆದೆ! ಗೇಣೆತ್ತರದ ಮರದ ಅಟ್ಟೆ, ಮೇಲೆ ಬಂಗಾರದ ಬಣ್ಣ. ಎಷ್ಟೋ ಸಿಂಹಾಸನಗಳನ್ನು ಏರಿದ ಪಾದುಕೆಗಳು. ತೊಟ್ಟು ಕೂತೆ. ನೆಲ ಸಿಕ್ಕಿತು.

ಮಗಳು ಗೋಡೆಗೆ ಮುಖ ಮಾಡಿ ನಿಂತಳು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ.

ಮಾರ್ಚ್ ೮, ಭಾನುವಾರ

ಸಭಿಕರೇ! ಇಂದು ಮೊದಲ ಅಂಕ.

ಊರಾಚೆ ಒಂದು ಮುಚ್ಚಿದ ಗೋದಾಮು, ಅದರ ಮುಂದೆ ಕಾಂಕ್ರೀಟಿನ ದೊಡ್ಡ ಅಂಗಳ. ಮಾಲೀಕರು ನನ್ನ ಹಳೆಯ ಅಭಿಮಾನಿ, ಬೀಗದ ಕೈ ಕೊಟ್ಟರು. ಮೇಕೆಯನ್ನು ಅಲ್ಲಿಗೆ ನಾನೇ ಓಡಿಸಿಕೊಂಡು ಹೋದೆ. ಓಡಿಸುವ ಮೊದಲು ಕಿಕ್ ಮಾಡಬೇಕಿತ್ತು. ಅದೊಂದು ಯುದ್ಧ. ಒದ್ದೆ. ಕೆಮ್ಮಿತು. ಒದ್ದೆ. ಅದೂ ತಿರುಗಿ ಒದೆಯಿತು. ಮರದ ಪಾದುಕೆ ಜಾರಿ ಮೊಣಕಾಲ ಚಿಪ್ಪಿಗೆ ಬಡಿಯಿತು. ಬೇರೆ ದಿನವಾಗಿದ್ದರೆ ಆ ಲೋಹದ ವಂಶವನ್ನೆಲ್ಲ ಶಪಿಸಿ ಒಂದು ಸ್ವಗತ ಹೇಳುತ್ತಿದ್ದೆ. ಬಾಯಿ ತೆರೆದೆ, ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು, ಮುಚ್ಚಿದೆ.

"ಸಿಟ್ಟಲ್ಲಿ ಒದೀಬೇಡ ಅಪ್ಪ. ಕಾಲಿಗೆ ಒಂದು ಬಿಗಿ ಸಿಗತ್ತೆ ನೋಡು, ಅಲ್ಲಿವರೆಗೂ ಮೆಲ್ಲಗೆ ಒತ್ತು. ಅದನ್ನ ದಾಟಿಸಿ, ಆಮೇಲೆ ಒಂದೇ ಒಂದ್ಸಲ."

ಒತ್ತಿದೆ. ಬಿಗಿ ಸಿಕ್ಕಿತು. ದಾಟಿಸಿದೆ. ಒಂದೇ ಸಲ.

ಏನು ಧ್ವನಿ, ಮಹಾಜನಗಳೇ! ಒಂದೇ ಸಿಲಿಂಡರು, ಆದರೆ ಎದೆಯ ತುಂಬ. ಮನೆಯ ಕಿಟಕಿಗಳು ನಡುಗಿದವು. ಇಡೀ ಬೀದಿಯಲ್ಲಿ ನನ್ನಷ್ಟು ಸದ್ದು ಮಾಡುವ ಇನ್ನೊಂದು ಜೀವ ಇದೆ ಎಂದು ಇವತ್ತೇ ಗೊತ್ತಾಗಿದ್ದು.

ಗೋದಾಮಿನ ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಮೂರನೆಯದರಲ್ಲಿ ಎಡ ಪಾದುಕೆಯ ಮೂತಿ ಗೇರಿನ ಕಡ್ಡಿಯ ಕೆಳಗೆ ಸಿಕ್ಕಿಕೊಂಡಿತು. ಗೇರೂ ಬದಲಾಗಲೊಲ್ಲದು, ಕಾಲೂ ಬರಲೊಲ್ಲದು. ಪೆಟ್ರೋಲು ತೀರುವವರೆಗೆ ಸುತ್ತುವುದೇ ಗತಿ ಎಂದುಕೊಂಡು ರಾಜಗಾಂಭೀರ್ಯದಿಂದ ಸುತ್ತತೊಡಗಿದೆ. ಹೆಂಡತಿ ಪ್ರತಿ ಸುತ್ತಿಗೂ ಕೈ ಬೀಸುತ್ತಿದ್ದಳು, ನಾನು ಖುಷಿಗೆ ಸುತ್ತುತ್ತಿದ್ದೇನೆ ಎಂದುಕೊಂಡು. ಕೊನೆಗೆ ಮಗಳು ಅಡ್ಡ ಓಡಿಬಂದು, ಎಡಗೈಯಿಂದ ಎಂಜಿನ್ ಆರಿಸಿ, ಬಾಗಿ ಪಾದುಕೆ ಬಿಡಿಸಿದಳು.

ಅವಳು ಬಿದ್ದ ಮೇಲೆ ಮೇಕೆಯನ್ನು ಮುಟ್ಟಿದ್ದು ಇದೇ ಮೊದಲು ಎಂದು ಹೆಂಡತಿ ಆಮೇಲೆ ಹೇಳಿದಳು. ಇರಬಹುದು. ನನ್ನ ಗಮನವೆಲ್ಲ ಪಾದುಕೆಯ ಮೇಲಿತ್ತು. ಬಂಗಾರದ ಬಣ್ಣ ಎದ್ದಿದೆ.

ಮಾರ್ಚ್ ೧೧, ಬುಧವಾರ

ಸಭಿಕರೇ, ಈ ಪ್ರಾಣಿಗೆ ಕಿಲೋಮೀಟರಿನ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಕೆಲವು ಗಂಟೆ ಓಡಿತೋ, ಆಯಿಲ್ ಬದಲಿಸು. ಇನ್ನು ಕೆಲವು ಗಂಟೆ ಓಡಿತೋ, ಏರ್ ಫಿಲ್ಟರ್ ತೊಳೆ. ನಮ್ಮ ಕಂಪನಿಯ ಹಿರಿಯ ನಟಿಯೊಬ್ಬರು ಹೀಗೇ ಇದ್ದರು, ಪ್ರತಿ ದೃಶ್ಯಕ್ಕೂ ಬಿಸಿ ಹಾಲು.

ಮಗಳು ಸ್ಟೂಲಿನ ಮೇಲೆ ಕೂತು ನಿರ್ದೇಶಕಿ. ನಾನು ನೆಲದಲ್ಲಿ ಕೂತು ಅವಳ ಕೈ. ಎಂಜಿನ್ನಿನ ತಳದ ಬೋಲ್ಟು ಬಿಚ್ಚಿದೆ, ಕಪ್ಪು ಆಯಿಲ್ ಬೋಗುಣಿಗೆ ಇಳಿಯಿತು. ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತ, ಅದರ ಮೇಲೆ ಬೆಕ್ಕಿನ ಮೀಸೆಯಂಥ ಕಬ್ಬಿಣದ ನವಿರು. ಎಂಜಿನ್ನಿನ ಕರುಳೇ ಸವೆದು ಬಂತು! ಬಳಪ ಹುಡುಕಿದೆ, ಇಲ್ಲ. ಬೋಗುಣಿಯ ಪಕ್ಕ ಇದ್ದ ತಟ್ಟೆಯನ್ನು ಸ್ಪಾನರಿನಿಂದ ಬಡಿಯತೊಡಗಿದೆ.

"ಏನಾಯ್ತು ರೀ!" ಹೆಂಡತಿ ಒಳಗಿನಿಂದ ಓಡಿಬಂದಳು.

"ಏನೂ ಆಗಿಲ್ಲ ಅಮ್ಮ. ಹೊಸ ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಹೊಂದ್ಕೋತಾ ಇದೆ. ಶುರುನಲ್ಲಿ ಇಷ್ಟು ಉದುರತ್ತೆ. ಚೂರುಚೂರಾಗಿ ಬಂದ್ರೆ ಹೆದರಬೇಕು, ಇದು ಬರೀ ಹುಡಿ." ಬೋಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಿನಿಂದ ಒರೆಸಿ ತೋರಿಸಿದಳು. "ಇಬ್ರೂ ಸವೆದ್ರೇನೇ ಒಬ್ಬರಿಗೊಬ್ರು ಸರಿಹೋಗೋದು."

"ಇಲ್ಲಿ ನಾನೊಬ್ಳೇ ಸವೆದಿದ್ದು," ಎಂದು ಹೇಳಿ ಹೆಂಡತಿ ಒಳಗೆ ಹೋದಳು.

ಹೊಸ ಆಯಿಲ್ ಹಾಕಿಸುತ್ತ ಮಗಳು ತುಂಬ ಹೊತ್ತು ಮಾತಾಡಿದಳು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಮೊದಲು ಏನು ಹೇಳುತ್ತಾರೆ, ಬಾಗಿಲು ತೆರೆದ ಮೇಲೆ ಏನು ಹೇಳುತ್ತಾರೆ. ಒಬ್ಬ ವಕೀಲರು ಒಳಗೆ ಹಾಡುತ್ತಿದ್ದರಂತೆ. ಇವಳಿಗೆ ಇಷ್ಟು ಚೆನ್ನಾಗಿ ಕಥೆ ಹೇಳಲು ಬರುತ್ತದೆಯೇ! ಮೊದಲೆಲ್ಲ ಯಾಕೆ ಹೇಳುತ್ತಿರಲಿಲ್ಲವೋ.

ಮಾರ್ಚ್ ೧೫, ಭಾನುವಾರ

ಮಹಾಜನಗಳೇ, ನಿಮ್ಮ ಮುಂದೆ ಇಂದು ಮಾನಹೀನನಾಗಿ ನಿಂತಿದ್ದೇನೆ. ಕೂರಲು ಆಗುತ್ತಿಲ್ಲ, ಅದಕ್ಕೇ ನಿಂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎದ್ದು ಮೇಕೆಯನ್ನು ತೊಳೆದೆ. ಎಲ್ಲ ಹೊಳೆಯಿತು, ಟೈರು ಮಾತ್ರ ಮಂಕು. ರಂಗಕ್ಕೆ ಬರುವ ಪಾತ್ರ ನೆತ್ತಿಯಿಂದ ಹಿಮ್ಮಡಿಯವರೆಗೆ ಹೊಳೆಯಬೇಕು, ಇದು ನಾನು ಕಲಿತ ಮೊದಲ ಪಾಠ. ಬಣ್ಣದ ಪೆಟ್ಟಿಗೆಯಲ್ಲಿ ಗ್ಲಿಸರಿನ್ ಇತ್ತು. ಕಣ್ಣೀರಿನ ದೃಶ್ಯಕ್ಕೆ, ಬೆವರಿನ ದೃಶ್ಯಕ್ಕೆ ಹಚ್ಚಿಕೊಳ್ಳುವುದು. ಎರಡು ಟೈರಿಗೂ ಮುದ್ದಾಗಿ ಹಚ್ಚಿದೆ. ಆಹಾ, ಕರಿ ಕನ್ನಡಿ! ಮನೆಯಿಂದ ಗೋದಾಮಿಗೆ ನೆಟ್ಟಗಿನ ರಸ್ತೆ, ಬೈಕು ಬಾಗಲಿಲ್ಲ. ಅಂಗಳದ ಮೊದಲ ತಿರುವಿನಲ್ಲಿ, ಎಮ್ಮೆ ನಡೆಯುವ ವೇಗದಲ್ಲಿ, ಬಾಗಿದೆ.

ಭೂಮಿ ಮೇಲೆ ಬಂತು.

ಮೇಕೆ ಒಂದು ಕಡೆ, ರಾಜ ಒಂದು ಕಡೆ, ಒಂದು ಪಾದುಕೆ ಗೋದಾಮಿನ ತಗಡಿನ ಕೆಳಗೆ. ಮಗಳು ಓಡಿಬಂದಳು. ನನ್ನನ್ನು ತಡವಿ ನೋಡಿದಳು, ಆಮೇಲೆ ಟೈರನ್ನು. ಬೆರಳು ಮೂಸಿದಳು.

"ಏನಿದು?"

ನಾನು ಕಣ್ಣ ಕೆಳಗೆ ಎರಡು ಬೆರಳಿಟ್ಟು ಕಣ್ಣೀರು ಇಳಿಯುವ ಅಭಿನಯ ಮಾಡಿದೆ.

"ಗ್ಲಿಸರಿನ್ನಾ? ಟೈರಿಗಾ?" ಅಲ್ಲೇ ಕಾಂಕ್ರೀಟಿನ ಮೇಲೆ ಕೂತುಬಿಟ್ಟಳು. "ಅಪ್ಪಾ, ಟೈರು ನೋಡೋಕಲ್ಲ ಕಣೋ ಇರೋದು! ಹಿಡಿಯೋಕೆ!" ನಕ್ಕಳು, ನಕ್ಕಳು, ಪ್ಲಾಸ್ಟರಿನ ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗ್ಲಿಸರಿನ್ನಿಲ್ಲದೆ ಅವಳ ಕಣ್ಣಲ್ಲಿ ನೀರು.

ನನ್ನ ಯಾವ ಹಾಸ್ಯ ಪಾತ್ರಕ್ಕೂ ಇವಳು ನಕ್ಕಿದ್ದು ನೆನಪಿಲ್ಲ. ಸೋಪಿನ ನೀರಿನಿಂದ ಇಬ್ಬರೂ ಟೈರು ಉಜ್ಜಿದೆವು. ಅವಳು ಎಡಗೈಯಲ್ಲಿ.

ಮಾರ್ಚ್ ೧೭, ಮಂಗಳವಾರ

ಮಗಳ ಪ್ಲಾಸ್ಟರು ತೆಗೆದರು. ಕೈ ಬಿಳುಚಿ ಸೊರಗಿದೆ. ರಬ್ಬರ್ ಚೆಂಡು ಹಿಸುಕಬೇಕಂತೆ. ಹಿಸುಕುತ್ತಿದ್ದಾಳೆ. ಚೆಂಡಿನ ಕಡೆ ನೋಡುತ್ತಾಳೆ, ಮೇಕೆಯ ಕಡೆ ನೋಡುವುದಿಲ್ಲ.

ಮಾರ್ಚ್ ೧೮, ಬುಧವಾರ

ವಿಶೇಷವಿಲ್ಲ. ಚೈನ್ ಒರೆಸಿ ಎಣ್ಣೆ ಬಿಟ್ಟೆ.

ಮಾರ್ಚ್ ೨೨, ಭಾನುವಾರ

ಮೇಕೆ ಪಳಗಿದೆ. ಇವತ್ತು ಸ್ವಲ್ಪ ಜೋರಾಗಿಯೇ ಓಡಿಸಿದೆ. ಪಾದುಕೆಗಳ ಮುಂದಿನ ಮೂತಿ ಗರಗಸದಿಂದ ಕೊಯ್ದು ಹಾಕಿದ್ದೇನೆ, ಈಗ ಗೇರಿಗೆ ಸಿಗುವುದಿಲ್ಲ. ಇನ್ನು ಅವನ್ನು ರಂಗಕ್ಕೆ ತೊಡುವ ಹಾಗಿಲ್ಲ. ಹೋಗಲಿ.

ಮಗಳು ಕಟ್ಟೆಯ ಮೇಲೆ ಕೂತು ಹೇಳುತ್ತಲೇ ಇದ್ದಳು. "ಚಕ್ರ ನೋಡ್ಬೇಡ ಅಪ್ಪ, ಹೋಗಬೇಕಾದ ಕಡೆ ನೋಡು. ಗಾಡಿ ನೀನು ನೋಡಿದ ಕಡೆಗೇ ಹೋಗತ್ತೆ." ಹಾಗೇ ಮಾಡಿದೆ. ತಿರುವಿನ ಕೊನೆಯಲ್ಲಿ ಅವಳೇ ಕೂತಿದ್ದಳು, ಅವಳನ್ನೇ ನೋಡಿಕೊಂಡು ತಿರುಗಿದೆ. ಬೀಳಲಿಲ್ಲ.

ವಾಪಸು ಬಂದು ಇಬ್ಬರೂ ಚೈನ್ ಒರೆಸುವಾಗ ಇದ್ದಕ್ಕಿದ್ದಂತೆ ಶುರುಮಾಡಿದಳು.

"ನಾನು ಬಿದ್ದಿದ್ದು ಜಾರಿ ಅಲ್ಲ ಅಪ್ಪ. ಜಾರೋದೇ ಆಟ. ಹಿಂದಿನ ಚಕ್ರನ ಜಾರೋಕೆ ಬಿಡಬೇಕು, ಒಳಗಿನ ಕಾಲು ಮುಂದಕ್ಕೆ ಚಾಚಿ ಅದನ್ನ ನಂಬಬೇಕು. ಅವತ್ತು ಅರ್ಧ ತಿರುವಿನಲ್ಲಿ ನನಗೆ ನಂಬಿಕೆ ಹೋಯ್ತು. ಯಾಕೋ ಗೊತ್ತಿಲ್ಲ. ಮುಂದಿನ ಬ್ರೇಕ್ ಹಿಡಿದುಬಿಟ್ಟೆ. ಅಷ್ಟು ಸುಲಭದ ತಿರುವು. ಈಗ ಹ್ಯಾಂಡಲ್ ನೋಡಿದ್ರೇ ಕೈ ತಣ್ಣಗಾಗತ್ತೆ. ನೀನು ಕೂಗಿದ್ದಕ್ಕೆ ಮಾರ್ತಿದೀನಿ ಅಂದ್ಕೋಬೇಡ. ಹೆದರಿಕೆ ಆಗ್ತಿದೆ, ಅದಕ್ಕೆ."

ನನ್ನ ಬಳಿ ಒಳ್ಳೆಯ ಉತ್ತರ ಸಿದ್ಧವಿತ್ತು. ಧೈರ್ಯದ ಮೇಲೆ ಒಂದು ಸಂಭಾಷಣೆ ಇದೆ, ಯುದ್ಧಕ್ಕೆ ಹೊರಟ ಸೇನಾಪತಿಗೆ ನಾನು ಹೇಳುವುದು, ಪ್ರತಿ ಸಲವೂ ಚಪ್ಪಾಳೆ ಬಿದ್ದಿದೆ. ಆದರೆ ಬಳಪ ಸಿಗಲಿಲ್ಲ. ಸಿಗುವ ಹೊತ್ತಿಗೆ ಅವಳು ಮುಗಿಸಿದ್ದಳು. ಬಟ್ಟೆಯ ಇನ್ನೊಂದು ತುದಿ ಅವಳ ಕಡೆ ಚಾಚಿದೆ. ಚೈನಿನ ಆ ಬದಿಯನ್ನು ಅವಳು ಒರೆಸಿದಳು.

ಮಾರ್ಚ್ ೨೫, ಬುಧವಾರ

ಹಲ್ಲಿನ ಡಾಕ್ಟರು ಫೋನು ಮಾಡಿದ್ದರು. ಭಾನುವಾರ ಗೋದಾಮಿಗೆ ಬರುತ್ತಾರೆ.

ಬೆಳಿಗ್ಗೆ ಎಂಜಿನ್ ಶುರುಮಾಡಿದಾಗ ಮೇಲುಗಡೆ ಒಂದು ಸಣ್ಣ ಟಿಕ್ ಟಿಕ್ ಕೇಳಿಸಿತು. ಮಗಳನ್ನು ಕರೆದು, ಕಿವಿ ತೋರಿಸಿ, ಬೆರಳಿನಿಂದ ಗಾಳಿಯಲ್ಲಿ ಟಿಕ್ ಟಿಕ್ ಮಾಡಿದೆ. ಕೇಳಿಸಿಕೊಂಡಳು. "ವಾಲ್ವ್ ಅದು. ಸ್ವಲ್ಪ ಸಡಿಲ ಇದೆ, ಪರವಾಗಿಲ್ಲ, ಸಡಿಲ ಇದ್ರೆ ಸದ್ದು ಮಾಡತ್ತೆ. ಬಿಗಿಯಾದ್ರೇ ಸದ್ದಿಲ್ಲದೆ ಸುಟ್ಟುಹೋಗತ್ತೆ." ಆಮೇಲೆ ನನ್ನನ್ನೇ ನೋಡಿದಳು. "ಇಷ್ಟು ಸಣ್ಣ ಸದ್ದು ನಿನಗೆ ಕೇಳಿಸ್ತಾ?"

ಕೇಳಿಸದೆ ಏನು? ಕಿವಿಗೆ ನನಗೇನೂ ಆಪರೇಷನ್ ಆಗಿಲ್ಲ.

ಮಹಾಜನಗಳನ್ನು ಕರೆಯುವುದು ಮರೆತೆ. ಇದ್ದೀರಿ ತಾನೇ?

ಮಾರ್ಚ್ ೨೮, ಶನಿವಾರ

ಗಂಟಲ ಡಾಕ್ಟರು ಕನ್ನಡಿ ಇಳಿಸಿ ನೋಡಿದರು. 'ಆ' ಅನ್ನಿಸಿದರು. ಅಂದೆ. ಹರಿದ ಡೋಲು.

"ಗಾಯ ಮಾಗಿದೆ. ಇನ್ನು ಮಾತಾಡಿ, ಮೆಲ್ಲಗೆ. ಆದ್ರೆ ಆ ಘರ್ಜನೆ ಇದೆಯಲ್ಲ, ಅದು ಆಯ್ತು ಅಂದ್ಕೊಳ್ಳಿ. ಇನ್ಮೇಲೆ ರಾಜ ಬೇಡ. ಮಂತ್ರಿ ಮಾಡಿ."

ಮಂತ್ರಿ! ರಾಜನ ಕಿವಿಯಲ್ಲಿ ಏನೋ ಹೇಳಿ ಪಕ್ಕಕ್ಕೆ ಸರಿಯುವವನು. ಮನೆಗೆ ಬರುವವರೆಗೆ ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು, ಚೇಷ್ಟೆಯ ಮಾತೊಂದನ್ನೂ ಆಡಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

ನಾನೂ ಇನ್ನೂ ಬಾಯಿಬಿಟ್ಟಿಲ್ಲ. ಮೊದಲ ಮಾತು ಹಾಳಾಗಬಾರದು. ನಾಳೆ ಹಲ್ಲಿನ ಡಾಕ್ಟರ ಮುಂದೆ ಆಡುತ್ತೇನೆ. ಭಾಷಣ ಸಿದ್ಧವಾಗಿದೆ. ಮೇಕೆಯ ಗುಣಗಾನ. ಮಾರಬೇಕಾದ ವಸ್ತುವನ್ನು ಹೊಗಳದಿದ್ದರೆ ಹೇಗೆ? ಅಷ್ಟೇ, ಬೇರೆ ಉದ್ದೇಶವಿಲ್ಲ.

ಮಾರ್ಚ್ ೨೯, ಭಾನುವಾರ

ಹಲ್ಲಿನ ಡಾಕ್ಟರು ತಾಳೆಮರದಷ್ಟು ಎತ್ತರ. ಸೀಟಿನ ಮೇಲೆ ಕೂತರೆ ಎರಡು ಪಾದವೂ ನೆಲಕ್ಕೆ ಪೂರ್ತಿ. ನೋಡಿ ನನಗೆ ಮೈಯುರಿಯಿತು. ಮೇಕೆಯ ಹಲ್ಲುಚಕ್ರ, ಚೈನು, ಟೈರು ಎಲ್ಲ ಬಾಗಿ ನೋಡಿದರು. "ಚೆನ್ನಾಗಿ ಇಟ್ಟಿದೀರ," ಎಂದು ಮಗಳಿಗೆ ಹೇಳಿದರು. ಅವಳು ನನ್ನ ಕಡೆ ಕೈ ತೋರಿಸಿದಳು. ಡಾಕ್ಟರು ನನ್ನನ್ನು ಮಾತಾಡಿಸಿದರು, ನಾನು ತಲೆಯಾಡಿಸಿದೆ. ಭಾಷಣಕ್ಕೆ ಇನ್ನೂ ಸಮಯ ಬಂದಿರಲಿಲ್ಲ.

"ಇದು ತಿರುವಲ್ಲಿ ಜಾರೋದನ್ನ ಒಮ್ಮೆ ನೋಡಬೇಕಲ್ಲ," ಎಂದರು. "ಯಾರಾದ್ರೂ ಓಡಿಸಿ ತೋರಿಸ್ತೀರಾ?"

ಮಗಳು ಎರಡು ಕೈಗಳನ್ನೂ ಜೇಬಿಗೆ ಹಾಕಿಕೊಂಡಳು. "ಅಪ್ಪ ತೋರಿಸ್ತಾರೆ."

ಪಾದುಕೆ ತೊಟ್ಟು ಏರಿದೆ. ಇಲ್ಲೊಂದು ಮಾತು ಸ್ಪಷ್ಟವಾಗಿ ದಾಖಲಾಗಬೇಕು: ನಾನು ಎಂದಿನಂತೆಯೇ ಓಡಿಸಿದೆ. ಬೇಕೆಂದೇ ಕೆಡಿಸಿದೆ ಎಂದು ಹೆಂಡತಿ ಹೇಳುವುದು ಶುದ್ಧ ಅಪವಾದ. ಮೊದಲ ತಿರುವಿನಲ್ಲಿ ಕಣ್ಣು ಚಕ್ರದ ಮೇಲೆ ಹೋಯಿತು, ಹೋಗಬಾರದೇ? ಎರಡನೆಯದರಲ್ಲಿ ಕ್ಲಚ್ಚು ಅರ್ಧ ಹಿಡಿದೇ ಉಳಿಯಿತು, ಮೇಕೆ ಊಳಿಟ್ಟಿತು. ಮೂರನೆಯದರಲ್ಲಿ ಕಾಲು ಚಾಚಬೇಕಿತ್ತು, ಚಾಚಿದೆ, ಹೊರಗಿನ ಕಾಲು ಚಾಚಿಬಿಟ್ಟೆ. ಬೆನ್ನು ಮಾತ್ರ ಸಿಂಹಾಸನದ ಮೇಲಿದ್ದಂತೆ ನೆಟ್ಟಗೆ.

"ಅಪ್ಪಾ, ಚಕ್ರ ನೋಡ್ಬೇಡ!" ಕಟ್ಟೆಯಿಂದ ಕೂಗಿದಳು.

ಇನ್ನೊಂದು ಸುತ್ತು.

"ಅಪ್ಪಾ, ಕ್ಲಚ್ ಸುಡ್ತಿದೀಯ!" ಕೈ ಜೇಬಿನಿಂದ ಹೊರಬಂದಿತ್ತು.

ಇನ್ನೊಂದು ಸುತ್ತು. ಹಲ್ಲಿನ ಡಾಕ್ಟರು, "ಇದು ಸೂಪರ್‌ಮೋಟೊನಾ, ಮೆರವಣಿಗೆನಾ?" ಎಂದು ಕೇಳಿದರಂತೆ, ಹೆಂಡತಿ ಆಮೇಲೆ ಹೇಳಿದ್ದು. ನಾನು ತಿರುವಿನ ನಡುವೆ, ಎಂದಿನಂತೆ, ಎಂಜಿನ್ ನಿಲ್ಲಿಸಿಬಿಟ್ಟೆ. ಮತ್ತೆ ಕಿಕ್. ಸಿಟ್ಟಿನಲ್ಲಿ ಕಿಕ್. ಕೆಮ್ಮು. ಕಿಕ್.

"ಇಳಿ ಅಪ್ಪ!" ಓಡಿಬಂದೇಬಿಟ್ಟಳು. "ಇಳಿ ಅಂದ್ನಲ್ಲ! ಗಾಡಿಗೆ ಮರ್ಯಾದೆ ಬೇಡ್ವಾ? ಕೊಡು ಹೆಲ್ಮೆಟ್ಟು!"

ಕೊಟ್ಟೆ. ಅವಳು ಹತ್ತಿದಳು, ಒಂದು ಕಡೆ ವಾಲಿಸಿ ಒಂದೇ ಕಾಲು ಊರಿ. ಹ್ಯಾಂಡಲ್ ಹಿಡಿದಾಗ ಬಲಗೈ ಒಂದು ಗಳಿಗೆ ತಡೆಯಿತು. ಬೆರಳುಗಳು ತೆರೆದವು, ಮುಚ್ಚಿದವು. ನನ್ನ ಮುಖ ನೋಡಿದಳು. ಮಹಾಜನಗಳೇ, ಭಾಷಣ ನಾಲಿಗೆಯ ತುದಿಯಲ್ಲಿತ್ತು, ಗಂಟಲ ಡಾಕ್ಟರ ಅನುಮತಿಯೂ ಇತ್ತು. ನಾನು ಅಂಗಳದ ಆ ತುದಿಗೆ ಬೆರಳು ತೋರಿಸಿದೆ, ಹೋಗಬೇಕಾದ ಕಡೆಗೆ. ಅಷ್ಟೇ ಸಾಕೆನಿಸಿತು.

ಬಿಗಿ ಸಿಗುವವರೆಗೆ ಮೆಲ್ಲಗೆ ಒತ್ತಿದಳು. ದಾಟಿಸಿದಳು. ಒಂದೇ ಸಲ.

ನಾನು ಕಣ್ಣು ಮುಚ್ಚಿಕೊಂಡೆ. ಎದೆ ಗಟ್ಟಿಯಿರಲಿಲ್ಲ. ಆದರೆ ಕಿವಿಗೆ ಎಲ್ಲ ಕಾಣಿಸುತ್ತಿತ್ತು. ಮೊದಲ ತಿರುವು, ಜಾಗ್ರತೆ, ಎಂಜಿನ್ ತಗ್ಗಿತು. ಎರಡನೆಯದು, ಸ್ವಲ್ಪ ಹೆಚ್ಚು. ಮೂರನೆಯ ತಿರುವಿಗೆ ಬರುವಾಗ ಸದ್ದು ತಗ್ಗುವ ಜಾಗದಲ್ಲಿ ತಗ್ಗಲಿಲ್ಲ, ಟೈರು ಕಾಂಕ್ರೀಟಿನ ಮೇಲೆ ಉದ್ದಕ್ಕೆ ಕಿರ್ರೆಂದಿತು, ಮತ್ತೆ ಎಂಜಿನ್ನು ಎದೆತುಂಬ ಕೂಗಿತು. ಕಣ್ಣು ತೆರೆದೆ. ಒಂದು ಕಾಲು ಮುಂದಕ್ಕೆ ಚಾಚಿ, ಮೇಕೆಯನ್ನು ಅಡ್ಡಡ್ಡ ಜಾರಿಸಿಕೊಂಡು, ಆ ಮಹಾರಾಯ್ತಿ ತಿರುವಿನಿಂದ ಹೊರಬರುತ್ತಿದ್ದಳು. ಅವಳು ಜಾರಿಸುವುದನ್ನು ಕಣ್ಣಾರೆ ನಾನು ನೋಡಿದ್ದು ಇದೇ ಮೊದಲು. ಸರಿಯಾಗಿ ಬೆಳಕು ಬಿಟ್ಟಿದ್ದರೆ ಚಪ್ಪಾಳೆಗೆ ಸೂರು ಹಾರಿಹೋಗುತ್ತಿತ್ತು.

ಎಷ್ಟು ಸುತ್ತೋ. ಬಂದು ನಿಲ್ಲಿಸಿ ಹೆಲ್ಮೆಟ್ಟು ತೆಗೆದಾಗ ಮುಖವೆಲ್ಲ ಬೆವರು. ಎಡಗೈಯಿಂದ ಬಲ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು, ಹಲ್ಲು ಕಾಣುವಂತೆ ನಗುತ್ತಿದ್ದಳು.

"ನಿಜ ಹೇಳಿ," ಎಂದರು ಹಲ್ಲಿನ ಡಾಕ್ಟರು, "ಇದನ್ನ ಮಾರ್ತೀರಾ?"

ಅವಳು ಇಳಿದು, ಮೇಕೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಚೈನನ್ನು ಬೆರಳಿನಿಂದ ಎತ್ತಿ ನೋಡಿದಳು.

"ಅಪ್ಪ, ಚೈನ್ ಸಡಿಲ ಆಗಿದೆ. ನಾಳೆ ಬಿಗಿ ಮಾಡಣ."

"ಆಗಲಿ," ಎಂದೆ.

ಹಲ್ಲಿನ ಡಾಕ್ಟರು ಬೆಚ್ಚಿಬಿದ್ದರು. "ಅರೆ, ಇವ್ರಿಗೆ ಮಾತು ಬರತ್ತಾ?"

"ಈಗ ಬಂತು," ಎಂದಳು ನನ್ನ ಹೆಂಡತಿ.

ಡಾಕ್ಟರು ಒಳ್ಳೆಯವರು, ನಕ್ಕು, ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಹೊರಟರು. ಹೋಗುವ ಮುನ್ನ ನನ್ನ ಬಾಯಿಯೊಳಗೆ ಇಣುಕಿ, ಒಂದು ದವಡೆ ಹಲ್ಲು ತೋರಿಸಬೇಕಾದೀತು ಎಂದರು.

ಭಾಷಣ ಹೇಳುವುದು ಹಾಗೇ ಉಳಿಯಿತು. ಧ್ವನಿಯೇನೋ ಗಂಟಲ ಡಾಕ್ಟರು ಹೇಳಿದಂತೆಯೇ ಇದೆ, ಜರಡಿಯಲ್ಲಿ ಸೋಸಿದಂತೆ ಪುಡಿಪುಡಿ, ಎರಡು ಮಾರು ದೂರಕ್ಕೆ ಮುಟ್ಟೀತು. ವರಾಂಡದ ಅಗಲ ಅದಕ್ಕಿಂತ ಕಡಿಮೆ.

ಮಹಾಜನಗಳೇ, ನಾಳೆ ಬೆಳಿಗ್ಗೆ ಕಾಫಿ ಆದ ಕೂಡಲೇ ನಾನು ಮೇಕೆಯ ಹಿಂದಿನ ಚಕ್ರದ ನಟ್ಟು ಸಡಿಲಿಸುತ್ತೇನೆ. ಚೈನು ಎಷ್ಟು ಬಿಗಿಯಿರಬೇಕೆಂದು ಅವಳು ಹೇಳುತ್ತಾಳೆ, ಅಷ್ಟೇ ಬಿಗಿಯುತ್ತೇನೆ. ನೀವು ಬರಬೇಕೆಂದಿಲ್ಲ, ಜಾಗ ಸಾಲದು. ಅವಳಿಗೆ ಸ್ಟೂಲು, ನನಗೆ ನೆಲ.